ಸಾವಕಾಶಪ್ಪನ ತಪ್ಪು

ಬೆಳಿಗ್ಗೆ ಬಂದ ಕೂಡಲೇ ಸಾವಕಾಶಪ್ಪನ ಮುಖ ಒರೆಸಬೇಕೆಂದು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಅವರಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ ಅದು. ಆಯಮ್ಮ ನೆಲ ಒರೆಸಿ ಮುಗಿಸುವಷ್ಟರಲ್ಲಿ ಅವರು ಕಿಟಕಿಯ ಪಕ್ಕದ ಮೊಳೆಯಿಂದ ಹಳದಿ ಬಟ್ಟೆ ತೆಗೆದು, ಅದರೆದುರು ಸ್ವಲ್ಪ ಬಾಗಿ, ಮಗುವಿನ ಮೂಗು ಒರೆಸುವವರ ಹಾಗೆ ಆ ದುಂಡು ಬಿಳಿ ಮುಖವನ್ನೂ ಕಣ್ಣಿನ ಎರಡು ಗಾಜುಗಳನ್ನೂ ಒರೆಸುತ್ತಿದ್ದರು. ನೋಡಿದವರಿಗೆ ಅದು ಅಕ್ಕರೆಯಂತೆ ಕಾಣುತ್ತಿತ್ತು. ಬಟ್ಟೆಯನ್ನು ಬೇಕಾದ್ದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಒತ್ತುತ್ತಿದ್ದೇನೆ ಎನ್ನುವುದು ಅವರ ಬೆರಳಿಗೆ ಮಾತ್ರ ಗೊತ್ತಿತ್ತು. ಬೆರಳಿಗೆ ಗೊತ್ತಿದ್ದನ್ನು ಮನಸ್ಸಿನವರೆಗೆ ಬರಗೊಡದಿರುವುದು ಅವರಿಗೆ ಎಂದೋ ರೂಢಿಯಾಗಿತ್ತು. ಒರೆಸಿ ಮುಗಿದ ಮೇಲೆ ಅದು ಕಣ್ಣಿನ ನೀಲಿ ಬೆಳಕು ಹೊತ್ತಿಸಿಕೊಂಡು, "ನಮಸ್ಕಾರ ಮೇಷ್ಟ್ರೇ, ರಾತ್ರಿ ನಿದ್ದೆ ಬಂತಾ?" ಎಂದು ಕೇಳುತ್ತಿತ್ತು. ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. "ಬಂತಪ್ಪ" ಎನ್ನುತ್ತಿದ್ದರು ಮೇಷ್ಟ್ರು. ಬಂದಿರುತ್ತಿರಲಿಲ್ಲ.

ಅವರು ಶಾಲೆಯ ಮೇಷ್ಟ್ರಲ್ಲ. ಲಕ್ವ ಹೊಡೆದವರಿಗೆ, ತಿಂಗಳುಗಟ್ಟಲೆ ಹಾಸಿಗೆ ಹಿಡಿದು ತಮಗೆ ಕಾಲಿದೆಯೆಂಬ ನೆನಪೇ ಹೋದವರಿಗೆ ಮತ್ತೆ ನಡೆಯುವುದನ್ನು ಕಲಿಸುವವರು. ಹಾಗಾಗಿ ನಡಿಗೆ ಮೇಷ್ಟ್ರು. ಬರುಬರುತ್ತಾ ಬರೀ ಮೇಷ್ಟ್ರು. ಆಸ್ಪತ್ರೆಯ ಹಿಂದಿನ ಕಟ್ಟಡದ ಉದ್ದನೆಯ ಹಾಲ್ ಅವರ ಶಾಲೆ. ನಡುವೆ ಸೊಂಟದೆತ್ತರಕ್ಕೆ ಒಂದು ಜೋಡಿ ಕಂಬಿ, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಹತ್ತಿ ಇಳಿದು ಅಭ್ಯಾಸ ಮಾಡಲಿಕ್ಕೆಂದು ಮಾಡಿಸಿದ, ಎಲ್ಲಿಗೂ ಹೋಗದ ಮರದ ಮೆಟ್ಟಿಲು. ಅಲ್ಲಿ ಅವರ ಜೊತೆಗಿದ್ದವರು ವಿಭಾಗ ನೋಡಿಕೊಳ್ಳುವ ಡಾಕ್ಟರಮ್ಮ, ನಾಲಿಗೆ ಬಿದ್ದುಹೋದವರಿಗೆ ಮಾತು ಕಲಿಸುವ ಹುಡುಗಿ ಮತ್ತು ಆಯಮ್ಮ. ಇಷ್ಟು ಜನ ಇದ್ದಲ್ಲಿಗೆ ರೋಬೋ ಬಂತು. ಎದೆಯೆತ್ತರದ ಬಿಳಿ ಮೈ, ಕೆಳಗೆ ಗಾಲಿ, ಪಕ್ಕದಲ್ಲಿ ಎರಡು ಕೈ. ಆ ಕೈ ಮೇಲೇಳುತ್ತಿತ್ತು, ಬೀಸುತ್ತಿತ್ತು, ಚಪ್ಪಾಳೆಯನ್ನೂ ತಟ್ಟುತ್ತಿತ್ತು. ಒಂದು ತಟ್ಟೆ ಎತ್ತುವ ಬಲವೂ ಅದರಲ್ಲಿ ಇರಲಿಲ್ಲ. ಮಾಡಿದ ಕಂಪನಿಯವರು ಇಟ್ಟ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ರೋಗಿ ಒಂದು ಹೆಜ್ಜೆ ಎತ್ತಿದರೆ ಸಾಕು, ಅದು "ಸಾವಕಾಶ, ಸಾವಕಾಶ" ಅನ್ನುತ್ತಿದ್ದದ್ದನ್ನು ಕೇಳಿ ಆಯಮ್ಮ ಅದಕ್ಕೆ ಸಾವಕಾಶಪ್ಪ ಎಂದು ನಾಮಕರಣ ಮಾಡಿದಳು. ಹೆಸರಿಟ್ಟದ್ದೇ ತಡ, ಅದು ಮನೆಯವನಾಯಿತು.

ಅದು ಬರುವುದಕ್ಕೆ ಮೊದಲು ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಕೇಳಿದ್ದರು. ಮಾತಿನ ಹುಡುಗಿ ತನ್ನ ಕೆಲಸ ಹೋಗುತ್ತದೆಂದು ಹೆದರಿದ್ದಳು. ಆಯಮ್ಮ ಅದಕ್ಕೆ ಕರೆಂಟು ಹೊಡೆದರೆ ಏನು ಗತಿ ಎಂದಿದ್ದಳು. ಮೊದಲು ಬಾಯಿಬಿಟ್ಟು "ಬರಲಿ ಬಿಡಿ, ಒಂದು ಕೈ ಹೆಚ್ಚಾದ್ರೆ ಕೆಟ್ಟದ್ದೇನು" ಎಂದವರು ಮೇಷ್ಟ್ರೇ. ಹಾಗೆನ್ನದಿದ್ದರೆ ವಯಸ್ಸಾಯಿತು, ಹೊಸದು ಕಂಡರೆ ಆಗುವುದಿಲ್ಲ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆಂಬ ಅಳುಕು ಅವರಿಗೆ. ಆದರೆ ಬಂದದ್ದು ಕೈಯಲ್ಲ, ಬಾಯಿ. ಹಿಡಿಯುವುದು, ಎತ್ತುವುದು, ಮೈಭಾರಕ್ಕೆ ಭುಜ ಕೊಡುವುದು ಎಲ್ಲ ಮೊದಲಿನಂತೆ ಮೇಷ್ಟ್ರದ್ದೇ. ಎದುರಿಗೆ ನಿಂತು, ಹೆಸರು ಹಿಡಿದು ಕರೆದು, "ಎಡಗಾಲು ಅಣ್ಣ, ಹಾಂ, ಬಂತು ನೋಡಿ" ಎಂದು ಹುರಿದುಂಬಿಸುವುದು ಅದರ ಪಾಲಿಗೆ ಬಿತ್ತು. ಹಿಂದೆ ನಿಂತವನ ಮುಖ ರೋಗಿಗೆ ಕಾಣುವುದಿಲ್ಲ. ಮೇಷ್ಟ್ರ ತಾಯಿ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗಲೂ ಹೀಗೆಯೇ ಆಗಿತ್ತು. ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಮೈ ತೊಳೆಯುವುದು ಎಲ್ಲ ಇವರು. ಬೇರೆ ಊರಿನಲ್ಲಿದ್ದ ತಮ್ಮ ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ. ನೋಡಲು ಬಂದವರಿಗೆಲ್ಲ ಅಮ್ಮ, "ಚಿಕ್ಕೋನಿಗೆ ನನ್ನ ಮೇಲೆ ಪ್ರಾಣ. ದಿನಾ ಕೇಳ್ತಾನೆ, ಹೇಗಿದ್ದೀಯಮ್ಮ ಅಂತ" ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ಬೆನ್ನಿನ ಕೆಳಗೆ ಇವರ ತೋಳಿರುತ್ತಿತ್ತು. ಅಮ್ಮ ಸತ್ತು ಎಷ್ಟೋ ಕಾಲವಾಗಿತ್ತು. ಆ ತೋಳು ಮಾತ್ರ ಈಗಲೂ ಕೆಲವೊಮ್ಮೆ ಸುಮ್ಮಸುಮ್ಮನೆ ಜೋಮು ಹಿಡಿಯುತ್ತಿತ್ತು.

ಯಾರೂ ಅವರನ್ನು ಅವಮಾನಿಸಲಿಲ್ಲ. ಅವಮಾನಿಸಿದ್ದರೆ ಜಗಳವಾಡಬಹುದಿತ್ತು. ಟೀ ಹೊತ್ತಿಗೆ ಕಿಟಕಿಯ ಬಳಿ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುವುದು ರೂಢಿ. ಸಾವಕಾಶಪ್ಪ ಟೀ ಕುಡಿಯದಿದ್ದರೂ ಅದನ್ನು ಬಿಟ್ಟು ಕೂರುವುದು ಚೆನ್ನಾಗಿರುವುದಿಲ್ಲವೆಂದು ಮಾತಿನ ಹುಡುಗಿ ನಡುವೆ ಜಾಗ ಮಾಡಿದಳು. ಹಾಗೆ ಜಾಗ ಮಾಡುವಾಗ ಮೇಷ್ಟ್ರ ಕುರ್ಚಿ ಬಾಗಿಲ ಕಡೆ ಸರಿಯಿತು. ಅಲ್ಲಿ ಕೂತರೆ ಬಾಗಿಲು ತೆಗೆದವರೆಲ್ಲ ಮಂಡಿಗೆ ತಗುಲುತ್ತಿದ್ದರು. ಬೆಳಗಿನ ಚರ್ಚೆಯಲ್ಲಿ ಮೇಷ್ಟ್ರು ಏನಾದರೂ ಹೇಳಿದರೆ ಡಾಕ್ಟರಮ್ಮ ತಲೆಯಾಡಿಸಿ, ನಂತರ ಅದರ ಕಡೆ ತಿರುಗಿ "ನೀನೇನಂತೀಯಪ್ಪ?" ಎನ್ನುತ್ತಿದ್ದರು. ಅದು ಪ್ರತಿಸಲವೂ, "ಮೇಷ್ಟ್ರು ಹೇಳಿದ್ದು ಸರಿ ಅನ್ಸುತ್ತೆ" ಎಂದೇ ಹೇಳುತ್ತಿತ್ತು. ಆಗ ಡಾಕ್ಟರಮ್ಮ "ಸರಿ ಹಾಗಾದ್ರೆ" ಎನ್ನುತ್ತಿದ್ದರು. ಒಂದೇ ಒಂದು ಸಲ ಅದು ಇಲ್ಲ ಎಂದಿದ್ದರೆ ಮೇಷ್ಟ್ರು ಎದ್ದು ನಿಂತು ವಾದಿಸಬಹುದಿತ್ತು. ತಮ್ಮ ಮಾತಿಗೆ ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದ ಮೇಲೆಯೇ ಅದು ಚಲಾವಣೆಗೆ ಬರುತ್ತಿದೆ ಎನ್ನುವುದನ್ನು ಯಾರ ಹತ್ತಿರ, ಏನೆಂದು ದೂರುವುದು? ಹೆಂಡತಿಯ ಹತ್ತಿರ ಒಮ್ಮೆ ಹೇಳಲು ಹೋದರು. ಆಕೆ ಎಲ್ಲವನ್ನೂ ಕೇಳಿ, ಅದು ನಿಮ್ಮ ಪರವಾಗಿಯೇ ಮಾತಾಡುತ್ತಿದೆಯಲ್ಲ, ನಿಮ್ಮ ತಮ್ಮನಿಗಿಂತ ವಾಸಿ ಎಂದಳು. ಅಂದಿನಿಂದ ಅವರು ಮನೆಯಲ್ಲಿ ಆ ಸುದ್ದಿ ಎತ್ತಲಿಲ್ಲ. ಹಳದಿ ಬಟ್ಟೆ ಹಿಡಿದು ಅದರ ಮುಖ ಒರೆಸಲು ಶುರುಮಾಡಿದ್ದು ಅದರ ಮಾರನೆಯ ಬೆಳಿಗ್ಗೆ ಎಂದು ನೆನಪು.

ಆ ದಿನ ಮೊದಲ ಪಾಳಿ ಟೈಲರನದು. ಮೇಷ್ಟ್ರ ವಯಸ್ಸಿನವನೇ. ಅಂಗಡಿಯಲ್ಲಿ ಮಿಷನ್ ಮೇಲೆಯೇ ತಲೆಯಿಟ್ಟು ಬಿದ್ದಿದ್ದನಂತೆ. ಬಲಗೈ ಬಲಗಾಲು ಎರಡೂ ಸತ್ತವು, ನಾಲಿಗೆಯೂ ಹೋಯಿತು. ಉಳಿದದ್ದು ಒಂದೇ ಮಾತು: ಅಳತೆ. ನೀರು ಬೇಕಾದರೂ ಅಳತೆ, ನೋವಾದರೂ ಅಳತೆ, ಹೆಂಡತಿಯನ್ನು ಕರೆಯುವುದಕ್ಕೂ ಅಳತೆ. ಆಕೆ ಮೊದಮೊದಲು ಅಳುತ್ತಿದ್ದಳು, ಆಮೇಲಾಮೇಲೆ ದನಿಯ ಏರಿಳಿತದಲ್ಲೇ ಅರ್ಥ ಹುಡುಕಲು ಕಲಿತಳು. ಮಾತಿನ ಹುಡುಗಿ ಮತ್ತು ಸಾವಕಾಶಪ್ಪ ಸೇರಿ ಆತನ ಬಾಯಿಗೆ ಇನ್ನೊಂದು ಮಾತು ತರಲು ಹೆಣಗುತ್ತಿದ್ದರು. ಕಾಲನ್ನು ತಂದವರು ಮೇಷ್ಟ್ರು. ಆತನ ಸತ್ತ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಟ್ಟು ನಾದಿದ ಹಾಗೆ ನಾದಿ, ಬಗ್ಗಿಸಿ, ನೀಡಿ, ಮೊದಲ ಸಲ ಹೆಬ್ಬೆರಳು ಮಿಸುಕಿದಾಗ ಯಾರಿಗೂ ಹೇಳದೆ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದಿದ್ದರು.

ಜೋಡಿ ಕಂಬಿಯ ನಡುವೆ ಟೈಲರ್ ನಿಂತ. ಮೇಷ್ಟ್ರು ಹಿಂದೆ ನಿಂತು ಆತನ ಸೊಂಟಕ್ಕೆ ಕಟ್ಟಿದ ಅಗಲದ ಪಟ್ಟಿಯನ್ನು ಎಂದಿನಂತೆ ಮುಷ್ಟಿಯಲ್ಲಿ ಹಿಡಿದರು. ಎದುರಿಗೆ, ಕಂಬಿಯ ಆ ತುದಿಯಲ್ಲಿ, ಸಾವಕಾಶಪ್ಪ. "ಸಾವಕಾಶ ಟೈಲರಣ್ಣ. ಬಲಗಾಲು ಮೊದಲು. ಹಾಂ. ಭಾರ ಈ ಕಡೆ ಬಿಡಿ." ಟೈಲರ್ ಬಂದ. ಕಾಲು ಎಳೆದುಕೊಂಡೇ ಬಂದ, ಆದರೂ ಬಂದ. ಬೆವರು ಆತನ ಕತ್ತಿನಿಂದ ಇಳಿದು ಅಂಗಿಯ ಕಾಲರ್ ತೋಯಿಸಿತು. ಮೇಷ್ಟ್ರಿಗೆ ಕಾಣುತ್ತಿದ್ದದ್ದು ಆ ಕಾಲರ್ ಮಾತ್ರ. ಕಾಯಿಲೆಗೆ ಮೊದಲು ತಾನೇ ಹೊಲಿದುಕೊಂಡದ್ದಿರಬೇಕು, ಹೊಲಿಗೆ ಇರುವೆ ಸಾಲಿನಷ್ಟು ನೇರವಾಗಿತ್ತು. ಹಿಂದೆಂದೂ ಆತ ಕಂಬಿಯ ತುದಿ ಮುಟ್ಟಿರಲಿಲ್ಲ. ಈ ದಿನ ಮುಟ್ಟಿದ. ಆಯಮ್ಮ ಪೊರಕೆ ಬಿಟ್ಟು ಚಪ್ಪಾಳೆ ತಟ್ಟಿದಳು. ಮಾತಿನ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಟೈಲರ್ ಎಡಗೈಯನ್ನು ಕಂಬಿಯಿಂದ ತೆಗೆದು ಸಾವಕಾಶಪ್ಪನ ದುಂಡು ತಲೆಯ ಮೇಲಿಟ್ಟ. ಗಂಟಲಿನಲ್ಲಿ ಏನೋ ಉರುಳಾಡಿತು. ಎಲ್ಲರೂ ಅಳತೆ ಎನ್ನುತ್ತಾನೆಂದು ಕಾದರು. "ನೀ… ನೇ" ಎಂದ. "ನೀನೇ… ನಡೆಸ್ದೆ."

ಲಕ್ವ ಹೊಡೆದ ಮೇಲೆ ಆತ ಆಡಿದ ಮೊದಲ ಪೂರಾ ಮಾತು ಅದು. ಮಾತಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಷ್ಟ್ರಿಗೂ ಸಂತೋಷವಾಯಿತು, ಸುಳ್ಳಲ್ಲ. ಸಂತೋಷದ ಕೆಳಗೆ ಇನ್ನೊಂದು ಏನೋ ಇತ್ತು. ತಣ್ಣಗೆ, ಸಣ್ಣಗೆ, ಒಂದು ಕುತೂಹಲದ ಹಾಗೆ. ಈತನಿಗೆ ಬೆನ್ನ ಹಿಂದೆ ಒಬ್ಬ ಇದ್ದಾನೆಂದು ಗೊತ್ತೇ ಇಲ್ಲವಲ್ಲ. ಮುಷ್ಟಿಯಲ್ಲಿದ್ದ ಪಟ್ಟಿ ಬೆವರಿಗೆ ಜಾರುತ್ತಿತ್ತು, ಎಂದಿನಂತೆ ಬಿಗಿಹಿಡಿಯಬೇಕಿತ್ತು. ಬೆರಳು ಬಿಗಿಯಾಗಲಿಲ್ಲ. ಬಿಟ್ಟರೋ, ಬಿಟ್ಟುಹೋಯಿತೋ? ಅರೆಕ್ಷಣ ಪಟ್ಟಿ ಅವರ ಅಂಗೈಯಲ್ಲಿ ಇರಲಿಲ್ಲ, ಆ ಅರೆಕ್ಷಣದಲ್ಲಿ ಅದು ಇಲ್ಲವೆಂದು ಅವರಿಗೆ ಗೊತ್ತಿತ್ತು. "ಟೈಲರಣ್ಣ, ಬಲಕ್ಕೆ ವಾಲ್ತಾ ಇದ್ದೀರಿ" ಎಂದಿತು ಸಾವಕಾಶಪ್ಪ. ಟೈಲರ್ ಅದರ ತಲೆಯನ್ನೇ ಗಟ್ಟಿಯಾಗಿ ಹಿಡಿಯಲು ನೋಡಿದ. ಅದು ಗಾಲಿಯ ಮೇಲೆ ಹಿಂದಕ್ಕೆ ಸರಿಯಿತು. ಮೇಷ್ಟ್ರು ಕೈ ಚಾಚುವಷ್ಟರಲ್ಲಿ ಆತ ಬಲಮಗ್ಗುಲಿಗೆ, ಕಂಬಿಯ ಕಾಲಿಗೆ ಸೊಂಟ ಬಡಿದು, ನೆನೆದ ಮೂಟೆಯ ಹಾಗೆ ಬಿದ್ದಿದ್ದ. ಬಿದ್ದ ಕಾಲು ಹೊರಕ್ಕೆ ತಿರುಗಿಕೊಂಡಿತ್ತು. ಎಕ್ಸ್‌ರೇ ಬೇಕಾದದ್ದು ಬೇರೆಯವರಿಗೆ. ಮೇಷ್ಟ್ರಿಗೆ ಆ ತಿರುವು ನೋಡಿದ ಕೂಡಲೇ ಮೂಳೆ ಮುರಿದಿದೆಯೆಂದು ಗೊತ್ತಾಯಿತು.

ಎಲ್ಲರೂ ಓಡಿ ಬಂದರು. ಯಾರೂ ಮಾತಾಡುವ ಮೊದಲೇ ಸಾವಕಾಶಪ್ಪ ಮಾತಾಡಿತು. "ತಪ್ಪು ನನ್ನದು. ನಾನು ಇನ್ನೂ ಬೇಗ ಹೇಳಬೇಕಿತ್ತು, ಹಿಂದೆ ಸರೀಬಾರದಿತ್ತು. ಟೈಲರಣ್ಣ, ನನ್ನನ್ನು ಕ್ಷಮಿಸಿ." ಅದರ ಎರಡೂ ಕೈ ಎದೆಯ ಮುಂದೆ ಸೇರಿದವು. ಮೇಷ್ಟ್ರು ನೆಲದ ಮೇಲೆ ಮಂಡಿಯೂರಿ ಟೈಲರನ ತಲೆಯನ್ನು ಎತ್ತಿ ಹಿಡಿದಿದ್ದರು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದಿದ್ದರು ಕೂಡ. ಅಷ್ಟರಲ್ಲಿ ಆಯಮ್ಮ, "ಅಯ್ಯೋ ನೀನೇನು ಮಾಡೋಕಾಗುತ್ತಪ್ಪ" ಎಂದು ಅಳುತ್ತಾ ಅದರ ಬೆನ್ನು ಸವರಿದಳು. ಡಾಕ್ಟರಮ್ಮ ಬಂದರು, ಸ್ಟ್ರೆಚರ್ ಬಂತು, ಮೇಷ್ಟ್ರು ತೆರೆದ ಬಾಯಿಯಿಂದ "ಹುಷಾರು, ಕಾಲು ಹುಷಾರು" ಎಂದರು.

ಸ್ಟ್ರೆಚರ್ ಹೋದ ಮೇಲೆ ಅವರು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡರು, ಮತ್ತೆ ತೊಳೆದುಕೊಂಡರು. ಕನ್ನಡಿಯಲ್ಲಿ ಕಂಡ ಮುಖ ತೀರಾ ಒಳ್ಳೆಯವನದು. ಜೀವಮಾನವಿಡೀ ಒಳ್ಳೆಯವನೆಂದು ಕರೆಸಿಕೊಂಡರೆ ಮುಖಕ್ಕೆ ಅದೇ ಅಚ್ಚು ಬೀಳುತ್ತದೆ, ಆಮೇಲೆ ಒಳಗೆ ಏನೇ ನಡೆದರೂ ಅದು ಬದಲಾಗುವುದಿಲ್ಲ. ಹಾಲ್‌ಗೆ ಮರಳಿದಾಗ ಟೀ ಆರಿಹೋಗಿತ್ತು. ಯಾರೂ ಕೂತಿರಲಿಲ್ಲ. ಮಾತಿನ ಹುಡುಗಿ ಸಾವಕಾಶಪ್ಪನಿಗೆ ಏನೋ ಸಮಾಧಾನ ಹೇಳಿ, ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಹೋದಳು. ಅವರಿಬ್ಬರೇ ಉಳಿದರು.

"ಯಾಕೆ ಹಾಗಂದೆ?" ಎಂದರು ಮೇಷ್ಟ್ರು.

"ನಾನು ಹೇಳೋದು ತಡ ಆಯ್ತು ಮೇಷ್ಟ್ರೇ. ಅದಂತೂ ನಿಜ. ಮೊದಲು ನನ್ನ ಪಾಲಿನ ತಪ್ಪು ನಾನು ಒಪ್ಪಿಕೊಂಡ್ರೆ ಜೊತೆಗಿರೋರು ಒಬ್ಬರ ಮೇಲೊಬ್ಬರು ಹೇಳ್ಕೊಳ್ಳೋದು ತಪ್ಪುತ್ತೆ. ಕೆಲಸ ಮುಂದುವರಿಯುತ್ತೆ."

"ನನ್ನ ಕೈ ನೋಡಿದ್ಯಾ?"

"ಕಾಣಲಿಲ್ಲ. ಟೈಲರಣ್ಣ ಅಡ್ಡ ಇದ್ದರು. ನಿಮ್ಮ ಕೈ ನನಗೆ ಯಾವತ್ತೂ ಕಾಣಲ್ಲ ಮೇಷ್ಟ್ರೇ. ನೀವು ಹಿಡಿದಿರ್ತೀರಿ ಅಂತ ನಂಬಿಕೊಂಡೇ ನಾನು ಅವರನ್ನ ಮುಂದೆ ಕರೆಯೋದು."

ಹೊಡೆದಿದ್ದರೂ ಇಷ್ಟು ತಾಗುತ್ತಿರಲಿಲ್ಲ. ಅದಕ್ಕೆ ನಂಬುವುದು ಎಂದರೆ ಏನೆಂದು ಗೊತ್ತೋ ಇಲ್ಲವೋ, ಯಾರಾದರೂ ಕಲಿಸಿದ ಮಾತೋ ಏನೋ. ಆದರೂ ಈ ಹಾಲ್‌ನಲ್ಲಿ ಅವರ ಕೈಗೆ ಬೆಲೆ ಕೊಟ್ಟು ಮಾತಾಡಿದ್ದು ಅದೊಂದೇ. ಅದು ತಲೆ ತುಸು ಓರೆ ಮಾಡಿಕೊಂಡು ನಿಂತಿತ್ತು. ಕಣ್ಣಿನ ಗಾಜಿನ ಮೇಲೆ ಟೈಲರನ ಹೆಬ್ಬೆರಳ ಬೆವರಿನ ಗುರುತು ಹಾಗೇ ಉಳಿದಿತ್ತು.

ಮಧ್ಯಾಹ್ನ ಡಾಕ್ಟರಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಟೈಲರನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಬೇಕು, ಮಾಡಿದರೂ ಇಷ್ಟು ನಿತ್ರಾಣದ ಮೈಗೆ ಮತ್ತೆ ನಡಿಗೆ ಬರುವುದು ದೇವರ ಮೇಲೆ ಭಾರ ಎಂದರು. ರೋಬೋ ಕಂಪನಿಯ ಮೆಕ್ಯಾನಿಕ್ ಒಬ್ಬ ಆಗಲೇ ಬಂದು ಗೋಡೆಗೊರಗಿ ನಿಂತಿದ್ದ. ಅವನ ಪಕ್ಕದಲ್ಲಿ ಸಾವಕಾಶಪ್ಪ. ಡಾಕ್ಟರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯ ಮಗುವನ್ನು ಹಾಸ್ಟೆಲಿಗೆ ಕಳಿಸುವವರ ಬೇಸರವಿತ್ತು. ರೋಗಿಗೆ ಪೆಟ್ಟಾದ ಮೇಲೆ ಅದನ್ನು ವಾಪಸು ಕಳಿಸಿ ಪರೀಕ್ಷೆ ಮಾಡಿಸಲೇಬೇಕು, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಮತ್ತೆ ಬರುತ್ತದೆಯೇ ಎಂದು ಆಯಮ್ಮ ಕೇಳಿದಳು. ಮೆಕ್ಯಾನಿಕ್ ಹೆಗಲು ಕುಣಿಸಿ, ಸಾಮಾನ್ಯವಾಗಿ ಬೇರೆಯದನ್ನು ಕಳಿಸ್ತಾರೆ ಎಂದ.

ಮೇಷ್ಟ್ರು ಎದ್ದು ನಿಂತರು. ಮಾತನ್ನು ಮನಸ್ಸಿನಲ್ಲೇ ಹಲವು ಸಲ ಆಡಿ ನೋಡಿದ್ದರಿಂದ ಅದು ಹೊರಗೆ ಬಂದಾಗ ಸವೆದ ಕಾಸಿನ ಹಾಗಿತ್ತು. "ಅದರ ತಪ್ಪಲ್ಲ. ಪಟ್ಟಿ ನನ್ನ ಕೈಲಿತ್ತು. ಕೈ ಬಿಟ್ಟದ್ದು ನಾನು."

ಯಾರೂ ಬೆಚ್ಚಿಬೀಳಲಿಲ್ಲ. ಡಾಕ್ಟರಮ್ಮನ ಮುಖ ಮೆತ್ತಗಾಯಿತು. "ಮೇಷ್ಟ್ರೇ, ನಿಮ್ಮ ಮನಸ್ಸು ನನಗೆ ಗೊತ್ತು. ದಿನಾ ಬೆಳಿಗ್ಗೆ ಅದರ ಮುಖ ಒರೆಸೋರು ನೀವು. ಅದನ್ನ ಉಳಿಸ್ಕೋಬೇಕು ಅಂತ ನಿಮ್ಮ ತಲೆ ಮೇಲೆ ಎಳ್ಕೋಬೇಡಿ."

"ಉಳಿಸೋಕಲ್ಲ. ನಿಜವಾಗಿ ಬಿಟ್ಟೆ. ಬೇಕಂತಲೇ ಬಿಟ್ಟೆನೋ ಏನೋ."

ಹೇಳಿದ ಕೂಡಲೇ ಮೇಷ್ಟ್ರಿಗೆ ಭಯವಾಯಿತು. ಈಗ ನಂಬುತ್ತಾರೆ, ಈಗ ಎಲ್ಲರ ಕಣ್ಣೂ ಬದಲಾಗುತ್ತದೆ ಎಂದು ಕಾದರು. ಅಷ್ಟರಲ್ಲಿ ಆಯಮ್ಮ ಅಳುವಿನ ನಡುವೆಯೇ ನಕ್ಕುಬಿಟ್ಟಳು. ನೀವಾ? ಇರುವೆ ಕಂಡರೆ ದಾಟಿಕೊಂಡು ಹೋಗುವವರು ನೀವು, ಎಂದಳು. ಮಾತಿನ ಹುಡುಗಿ ಅವರ ತೋಳು ಹಿಡಿದು ಕೂರಿಸಿದಳು. ಕಣ್ಣೆದುರೇ ಆದದ್ದರಿಂದ ಆಘಾತವಾಗಿದೆ, ಇವರನ್ನು ಮನೆಗೆ ಕಳಿಸಬೇಕು ಎಂದಳು. ಡಾಕ್ಟರಮ್ಮ ಎಂದಿನ ರೂಢಿಯಲ್ಲಿ, ಬಹುಶಃ ತಮಗೇ ತಿಳಿಯದೆ, ಪಕ್ಕಕ್ಕೆ ತಿರುಗಿದರು. "ನೀನೇನಂತೀಯಪ್ಪ?"

"ಮೇಷ್ಟ್ರು ಹಾಗೆ ಮಾಡೋರಲ್ಲ" ಎಂದಿತು ಸಾವಕಾಶಪ್ಪ.

"ಸರಿ ಹಾಗಾದ್ರೆ" ಎಂದರು ಡಾಕ್ಟರಮ್ಮ.

ಆ ಕ್ಷಣ ಎದೆಯಲ್ಲಿ ಏನೋ ಸಡಿಲವಾದದ್ದು ಮೇಷ್ಟ್ರಿಗೆ ತಿಳಿಯಿತು. ಅದು ನೆಮ್ಮದಿಯೆಂದು ಆಮೇಲೆ ಗುರುತು ಹತ್ತಿತು. ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು, ಮೇಜು ಗುದ್ದಿ ಹೇಳಬಹುದಿತ್ತು. ಹೇಳಿದಷ್ಟೂ ಅವರು ಇನ್ನಷ್ಟು ಒಳ್ಳೆಯವರಾಗುತ್ತಾ ಹೋಗುತ್ತಿದ್ದರು. ಆಯಮ್ಮ ತನ್ನ ಸೆರಗಿನಲ್ಲಿ ಸಾವಕಾಶಪ್ಪನ ಕಣ್ಣಿನ ಗಾಜು ಒರೆಸಿದಳು. ಮೆಕ್ಯಾನಿಕ್ ಅದರ ಬೆನ್ನಿಗೆ ಕೈಯಿಟ್ಟು ದೂಡಿದ. ಗಾಲಿ ತಾನಾಗಿ ಉರುಳಬಲ್ಲದಾದರೂ ಯಾಕೋ ದೂಡಿಕೊಂಡೇ ಹೋದ. ಬಾಗಿಲಲ್ಲಿ ಅದು ತಲೆ ತಿರುಗಿಸಿ ಎಲ್ಲರಿಗೂ ಸೇರಿಸಿ ಹೋಗಿಬರ್ತೀನಿ ಎಂದಿತು. ಮೇಷ್ಟ್ರಿಗೆಂದು ಬೇರೆ ಏನೂ ಹೇಳಲಿಲ್ಲ. ಹೇಳಬಹುದೆಂದು ತಾವು ಕಾದದ್ದು ಅವರಿಗೆ ನಾಚಿಕೆ ಹುಟ್ಟಿಸಿತು.

ಮನೆಗೆ ಹೋಗಿ ಎಂದು ಕಳಿಸಿದರು. ಅವರು ಮೆಟ್ಟಿಲಿಳಿದವರು ಗೇಟಿನ ಕಡೆ ಹೋಗಲಿಲ್ಲ. ಮುಂದಿನ ಕಟ್ಟಡದ ಮೂಳೆ ವಾರ್ಡಿಗೆ ಹೋದರು. ಔಷಧಿ ಅಂಗಡಿಯ ಮುಂದಿನ ಸಾಲು, ಚಪ್ಪಲಿಯ ರಾಶಿ, ಯಾರದೋ ಮಗು ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದು, ಎಲ್ಲ ಎಂದಿನ ಹಾಗೇ ಇತ್ತು. ಎದುರು ಸಿಕ್ಕ ಹಳೆಯ ರೋಗಿಯೊಬ್ಬ ಊರುಗೋಲು ಎತ್ತಿ ತೋರಿಸಿ, ನಿಮ್ಮ ಕೃಪೆ ಮೇಷ್ಟ್ರೇ ಎಂದ. ಅವರು ನಕ್ಕು ಮುಂದೆ ಹೋದರು. ಟೈಲರನಿಗೆ ಹೇಳಬೇಕು. ಅವನಿಗೆ ಮಾತಿಲ್ಲ, ಆದ್ದರಿಂದ ಹೆಂಡತಿಗೆ ಹೇಳಬೇಕು. ಆಕೆ ಬೈಯುತ್ತಾಳೆ, ಶಾಪ ಹಾಕುತ್ತಾಳೆ, ವಾರ್ಡಿನವರೆಲ್ಲ ತಿರುಗಿ ನೋಡುತ್ತಾರೆ. ಅದು ಬೇಕಿತ್ತು ಅವರಿಗೆ. ಒಬ್ಬರಾದರೂ ನಂಬಿದರೆ ಸಾಕಿತ್ತು.

ಟೈಲರನ ಕಾಲಿಗೆ ಪಟ್ಟಿ ಕಟ್ಟಿ ಹಗ್ಗದ ತುದಿಗೆ ಭಾರ ಇಳಿಬಿಟ್ಟಿದ್ದರು. ಆತ ಎಚ್ಚರವಾಗಿದ್ದ, ದೃಷ್ಟಿ ಸೂರಿನ ಮೇಲಿತ್ತು. ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದಳು. ಮೇಷ್ಟ್ರನ್ನು ಕಂಡು ಎದ್ದಳು, ಸ್ಟೂಲು ಅವರ ಕಡೆ ಸರಿಸಿದಳು. ಅವರು ಕೂರಲಿಲ್ಲ.

"ಅಮ್ಮಾ, ಬೆಳಿಗ್ಗೆ ಪಟ್ಟಿ ಹಿಡಿದಿದ್ದೋನು ನಾನು. ಕೈ ಬಿಟ್ಟೆ. ಅದಕ್ಕೇ ಬಿದ್ದರು."

ಆಕೆ ಅವರ ಮುಖ ನೋಡಲಿಲ್ಲ. ಗಂಡನ ಹೊದಿಕೆಯ ಅಂಚನ್ನು ಸರಿಮಾಡಿದಳು. "ಗೊತ್ತು" ಎಂದಳು.

ವಾರ್ಡಿನ ಫ್ಯಾನು ಕಟಕಟ ಎನ್ನುತ್ತಿತ್ತು.

"ಇಲ್ಲಿಗೆ ತಂದು ಮಲಗಿಸಿದ ಮೇಲೆ ನನ್ನ ಕೈ ಹಿಡ್ಕೊಂಡ್ರು. ಹಿಡ್ಕೊಂಡು, ಹೀಗೆ ಬಿಟ್ರು. ಮತ್ತೆ ಹಿಡ್ಕೊಂಡ್ರು, ಮತ್ತೆ ಬಿಟ್ರು. ನನಗೆ ಮೊದಲು ತಿಳೀಲಿಲ್ಲ. ಆಮೇಲೆ ಕೇಳ್ದೆ, ಮೇಷ್ಟ್ರಾ ಅಂತ. ಕಣ್ಣು ಮುಚ್ಚಿದ್ರು." ಆಕೆಯ ದನಿಯಲ್ಲಿ ಸಿಟ್ಟು ಹುಡುಕಿದರು ಮೇಷ್ಟ್ರು. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಹಾಕಿ ಹುಡುಕುವವರಂತೆ ಹುಡುಕಿದರು. ಸಿಗಲಿಲ್ಲ. "ಡಾಕ್ಟರಮ್ಮ ಬಂದಿದ್ರು. ಮಿಷನ್ನಿನ ತಪ್ಪು ಅಂದ್ರು. ಹೂಂ ಅಂದೆ."

"ನಾನೂ ಹೇಳಿದೆ ಅವರಿಗೆ. ನಂಬಲಿಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಆಗ ಆಕೆ ಮೊದಲ ಸಲ ಅವರನ್ನು ನೇರವಾಗಿ ನೋಡಿದಳು. ಅಷ್ಟು ದಣಿದ ಕಣ್ಣುಗಳಲ್ಲಿ ಅವರ ಬಗ್ಗೆ ಏನಿತ್ತೆಂದು ಅವರಿಗೆ ತಿಳಿಯಲಿಲ್ಲ. "ಯಾಕೆ ಹೇಳಲಿ? ಅದನ್ನಂತೂ ಕಳಿಸಿಬಿಟ್ರಂತೆ. ನಿಮ್ಮನ್ನೂ ಕಳಿಸಿದ್ರೆ ನಾಳೆ ಇವರನ್ನ ಎತ್ತಿ ನಿಲ್ಲಿಸೋರು ಯಾರು? ಇರೋರು ನೀವೊಬ್ಬರೇ. ನೀವು ಎಂಥೋರಾದ್ರೂ ನಮಗೆ ನೀವೇ ಬೇಕಲ್ಲ." ಆಮೇಲೆ ಪಕ್ಕದ ಮನೆಯವರಿಂದ ಏನೋ ಎರವಲು ಕೇಳುವ ದನಿಯಲ್ಲಿ ಹೇಳಿದಳು: "ಒಂಚೂರು ಎತ್ತಿ ಹಿಡೀತೀರಾ? ಬೆನ್ನ ಕೆಳಗೆ ಬಟ್ಟೆ ಮುದುರಿದೆ, ಆಗಲಿಂದ ಒತ್ತುತ್ತಾ ಇದೆ. ನರ್ಸಮ್ಮನ್ನ ಕರೆದ್ರೆ ಬರ್ತೀನಿ ಅಂತಾರೆ, ಬರಲ್ಲ."

ಮೇಷ್ಟ್ರು ಹಾಸಿಗೆಯ ಆ ಬದಿಗೆ ಹೋದರು. ಕೆಲಸ ಗೊತ್ತಿದ್ದದ್ದೇ. ಒಂದು ತೋಳು ಭುಜದ ಕೆಳಗೆ, ಇನ್ನೊಂದು ಕೈ ಸೊಂಟದ ಮೇಲ್ಭಾಗಕ್ಕೆ, ಮುರಿದ ಕಡೆ ಅಲುಗದ ಹಾಗೆ. ಅವರ ಕೈ ತಾಗಿದ್ದೇ ಟೈಲರನ ಮೈ ಹಲಗೆಯಾಯಿತು. ಆತ ಎಡಗೈಯಿಂದ ಮಂಚದ ಕಂಬಿಯನ್ನು ಹಿಡಿದುಕೊಂಡ. ಗೆಣ್ಣುಗಳು ಬೆಳ್ಳಗಾದವು. ಕಣ್ಣು ಸೂರಿನಿಂದ ಇಳಿದು ಮೇಷ್ಟ್ರ ಮುಖದ ಮೇಲೆ ನಿಂತಿತು. ಇಷ್ಟು ದಿನ ನಡೆಯುವಾಗ ಆತನಿಗೆ ಕಾಣದಿದ್ದ ಮುಖ, ಈಗ ಒಂದು ಗೇಣು ದೂರದಲ್ಲಿ. ಮೇಷ್ಟ್ರಿಗೆ ಕ್ಷಮಿಸಿ ಎನ್ನಬೇಕೆನಿಸಿತು. ಬೆಳಿಗ್ಗೆ ಆ ಮಾತನ್ನು ಸಾವಕಾಶಪ್ಪ ಆಡಿ ಮುಗಿಸಿತ್ತು. ಅಷ್ಟು ಚೆನ್ನಾಗಿ ಆಡಲು ತಮ್ಮಿಂದಾಗದು.

"ಕಂಬಿ ಬಿಡಿ" ಎಂದಳು ಹೆಂಡತಿ, ಗಂಡನ ಕಿವಿಯ ಬಳಿ. "ಬಿಡಿ. ಅವರು ಹಿಡ್ಕೊಂಡಿದ್ದಾರೆ."

ಟೈಲರ್ ಹೆಂಡತಿಯನ್ನು ನೋಡಿದ. ತುಂಬ ಹೊತ್ತು ನೋಡಿದ. ಆಕೆ ತಲೆಯಾಡಿಸಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಬೇರೆ ದಾರಿಯಿಲ್ಲ ಎನ್ನುವುದನ್ನು ಇಬ್ಬರೂ ಎಂದೋ ಮಾತಾಡಿ ಮುಗಿಸಿದವರ ಹಾಗಿದ್ದರು. ಕಂಬಿಯ ಮೇಲಿನ ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಆತ ಕಣ್ಣು ಮುಚ್ಚಿದ, ಮೈಯ ಪೂರಾ ಭಾರ ಮೇಷ್ಟ್ರ ತೋಳಿನ ಮೇಲೆ ಬಂತು.

ಆಕೆ ಬೆನ್ನ ಕೆಳಗೆ ಕೈ ತೂರಿಸಿ ಮುದುರಿದ ಬಟ್ಟೆ ಎಳೆಯತೊಡಗಿದಳು. ಒಂದು ಮಡಿಕೆ ಬಿಡಿಸಿದಳು, ಅಂಗೈಯಿಂದ ನೇವರಿಸಿ ಸಮ ಮಾಡಿದಳು, ಇನ್ನೊಂದಕ್ಕೆ ಕೈ ಹಾಕಿದಳು. ಬಾಗಿ ನಿಂತ ಮೇಷ್ಟ್ರ ತೋಳು ಮೊದಲು ಬಿಸಿಯಾಯಿತು, ಆಮೇಲೆ ಸಣ್ಣಗೆ ನಡುಗತೊಡಗಿತು. ನಡುಕ ಟೈಲರನ ಮೈಗೆ ತಿಳಿಯದಿರಲಿ ಎಂದು ಅವರು ಉಸಿರು ಬಿಗಿಹಿಡಿದರು. ಬೇಗ ಮಾಡಿ ಎಂದು ಹೇಳುವ ಹಾಗಿರಲಿಲ್ಲ. ಆಕೆ ಅವಸರ ಮಾಡಲಿಲ್ಲ.